ನುಸ್ರತ್ ಟೀಚರ್ ಹಾಕಿಸಿದ ಎಲೆಗಳು

ನುಸ್ರತ್ ಟೀಚರ ಹೆಸರನ್ನು ನಾನು ಮೊದಲು ಕೇಳಿದ ದಿನ ಕೈಗೆಲ್ಲ ಎಣ್ಣೆ ಹಚ್ಚಿಕೊಂಡು ಹಿಂಬದಿಯ ಜಗಲಿಯಲ್ಲಿ ಹಲಸಿನ ಹಣ್ಣು ಬಿಡಿಸುತ್ತಿದ್ದೆ. ಮೊಮ್ಮಗಳು ತೃಷಾ ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ ನನ್ನ ಎದುರು ನಿಂತು, ನಮ್ಮ ಹಟ್ಟಿಯ ಗೋಡೆ ಕಟ್ಟಿದ್ದು ಯಾರು ಎಂದು ಕೇಳಿದಳು. ನಿನ್ನ ಮುತ್ತಜ್ಜ ಎಂದೆ.

"ಮುತ್ತಜ್ಜ ಕಟ್ಟಿಸಿದ್ದು ಅಜ್ಜಿ. ಕಟ್ಟಿದ್ದು ಯಾರು?"

ಆ ಹಟ್ಟಿಯ ಸೆಗಣಿ ಬಾಚಿ ನನ್ನ ಬೆನ್ನು ಬಗ್ಗಿದೆ, ಆದರೆ ಅದರ ಕಲ್ಲನ್ನು ಒಂದರ ಮೇಲೊಂದು ಇಟ್ಟದ್ದು ಯಾರು ಎಂದು ಯೋಚನೆಯೇ ಬಂದದ್ದಿಲ್ಲ. ಸಮಾಜ ಪಾಠಕ್ಕೆ ಹೊಸ ಟೀಚರ್ ಬಂದಿದ್ದಾರಂತೆ, ಪುಸ್ತಕ ಮುಚ್ಚಿಸಿದರಂತೆ, ಮಾಡಿದವರ ಹೆಸರು ಯಾರಿಗೂ ಗೊತ್ತಿಲ್ಲದ ಒಂದು ವಸ್ತುವನ್ನು ನಿಮ್ಮ ಮನೆಯಲ್ಲಿ ಹುಡುಕಿಕೊಂಡು ಬನ್ನಿ ಅಂದರಂತೆ. ಹಾಗೆಂದು ತೃಷಾ ಹೇಳಿದಳು. ಅವಳು ಆಗ ಎಂಟನೇ ಕ್ಲಾಸು.

ಒಳಗೆ ಚಾ ಕುಡಿಯುತ್ತಿದ್ದ ನನ್ನ ಮಗ ಲತೀಶ್, ಅದು ಪರೀಕ್ಷೆಗೆ ಬರುತ್ತದಾ ಕೇಳು ಎಂದು ನಗಾಡಿದ. ಅವನಿಗೆ ಆಗ ಟೀಚರ ಮೇಲೆ ಏನೂ ಇರಲಿಲ್ಲ. ಅವನು ಆ ಶಾಲೆಯ ಸಮಿತಿಯ ಅಧ್ಯಕ್ಷ. ಸಮಾಜ ಪಾಠಕ್ಕೆ ಜನ ಇಲ್ಲದೆ ಮಕ್ಕಳು ಬಯಲಲ್ಲಿ ಆಡಿಕೊಂಡಿದ್ದಾಗ, ಸುಳ್ಯದಲ್ಲಿ ಅವರಿವರನ್ನು ವಿಚಾರಿಸಿ ಈ ಟೀಚರನ್ನು ಕರೆಸಿದ್ದೇ ಅವನು.

ನಮ್ಮ ಮನೆ ಇರುವುದು ಗುತ್ತಿಗಾರಿನಿಂದ ಒಳಗೆ, ಗುಡ್ಡೆಯ ಬುಡದಲ್ಲಿ. ಶಾಲೆ ಯಾವುದು ಎಂದು ಬರೆಯುವುದಿಲ್ಲ. ಟೀಚರ್ ಈಗಲೂ ಅಲ್ಲಿಗೇ ಹೋಗುತ್ತಿದ್ದಾರೆ.

ಅವರು ಜಾಲ್ಸೂರಿನವರು. ಅಪ್ಪ ಸಾಹುಲ್ ಹಮೀದರಿಗೆ ಕಾಸರಗೋಡಿನ ಬಸ್ಸು ನಿಲ್ಲುವಲ್ಲಿ ಒಂದು ಚಾದ ಅಂಗಡಿ ಇತ್ತು. ಆ ಅಂಗಡಿಗೆ ಬರುವವರ ಬಾಯಿಯಿಂದಲೇ ಮಗಳು ತುಳು, ಮಲಯಾಳ, ನಮ್ಮ ಅರೆಭಾಷೆ ಎಲ್ಲ ಕಲಿತಳು. ಮನೆಯಲ್ಲಿ ಬ್ಯಾರಿ. ಪುತ್ತೂರಿಗೆ ಹೋಗಿ ಡಿಗ್ರಿ ಮಾಡಿದ್ದು ಅವರ ಕುಟುಂಬದಲ್ಲಿ ಅವರೇ ಮೊದಲಂತೆ. ಟೀಚರ್ ಆಗಲು ಬೇಕಾದ ಓದೆಲ್ಲ ಆಯಿತು. ಖಾಯಂ ಕೆಲಸಕ್ಕೆ ಕರೆದಾಗ ಒಮ್ಮೆ ಬಾಣಂತಿ, ಒಮ್ಮೆ ಸ್ವಲ್ಪದರಲ್ಲಿ ತಪ್ಪಿತು, ಮತ್ತೆ ಕರೆಯುವ ಹೊತ್ತಿಗೆ ವಯಸ್ಸು ದಾಟಿತು. ಹಾಗೆ ಅತಿಥಿ ಶಿಕ್ಷಕಿಯಾಗಿಯೇ ಉಳಿದರು. ಜೂನಿಗೆ ಕರೆಯುತ್ತಾರೆ, ಮಾರ್ಚಿಗೆ ಮುಗಿಯಿತು. ಮುಂದಿನ ಜೂನಿಗೆ ಹೆಡ್‌ಮಾಸ್ಟ್ರು ಮತ್ತು ಸಮಿತಿ ಹೂಂ ಅಂದರೆ ಪುನಃ. ನಾನೊಮ್ಮೆ ಇದೆಂತ ಅತಿಥಿ ಟೀಚರೇ ಎಂದು ಕೇಳಿದಾಗ, "ಊಟ ಆದ ಕೂಡ್ಲೆ ಎದ್ದು ಹೋಗ್ಬೇಕಾದವರು ಅಮ್ಮ, ಕೈ ತೊಳೀಲಿಕ್ಕೆ ನೀರು ಅವರು ಕೊಟ್ರೆ ಉಂಟು" ಎಂದು ನಕ್ಕಿದ್ದರು.

ಗಂಡ ಸಿದ್ದೀಕ್ ದುಬಾಯಿಯಲ್ಲಿ ಲಾರಿ ಓಡಿಸುತ್ತಿದ್ದವರು, ಬೆನ್ನು ಹೋಗಿ ಊರಿಗೆ ಬಂದು ಮಲಗಿದ್ದರು. ಎದ್ದು ಕೂರಲು ಒಬ್ಬರು ಹಿಡಿಯಬೇಕು. ಒಬ್ಬಳು ಮಗಳು ಪುತ್ತೂರಿನಲ್ಲಿ ಓದುತ್ತಿದ್ದಳು. ಮನೆಗೆ ಬರುವ ಸಂಬಳ ಟೀಚರದ್ದು ಮಾತ್ರ. ದಿನಾ ಜಾಲ್ಸೂರಿನಿಂದ ಸುಳ್ಯಕ್ಕೊಂದು ಬಸ್ಸು, ಸುಳ್ಯದಿಂದ ಇಲ್ಲಿಗೊಂದು ಬಸ್ಸು. ದಾರಿಯಲ್ಲಿ ಆನೆ ನಿಂತಿದೆ ಎಂದು ಬಸ್ಸು ತಡವಾದ ದಿನವೂ, ಮಳೆಗೆ ಮರ ಬಿದ್ದ ದಿನವೂ ಅವರು ಬಂದದ್ದೇ. ಒಂದು ದಿನ ತಪ್ಪಿದರೆ ಯಾರಾದರೂ ಲೆಕ್ಕ ಹಿಡಿಯುತ್ತಾರೆ ಎಂಬ ಹೆದರಿಕೆ ಅವರಿಗೆ ಯಾವಾಗಲೂ ಇತ್ತು.

ನನಗೆ ಅವರ ಮುಖಪರಿಚಯ ಆದದ್ದು ಒಂದು ಶನಿವಾರ. ಮಕ್ಕಳ ಹಿಂಡು ಕಟ್ಟಿಕೊಂಡು ನಮ್ಮ ಅಂಗಳಕ್ಕೆ ಬಂದರು. ಸಣ್ಣ ಹೆಂಗಸು, ತಲೆಗೆ ಬೂದು ಬಣ್ಣದ ಬಟ್ಟೆ, ಕೊಡೆಯ ಒಂದು ಕಡ್ಡಿ ಮುರಿದದ್ದು. ಚಪ್ಪಲಿಯನ್ನು ತುಳಸಿಕಟ್ಟೆಯಿಂದ ದೂರ ಬಿಟ್ಟು ಬಂದು ಮೆಟ್ಟಿಲ ಮೇಲೆ ಕೂತು, ಅರೆಭಾಷೆಯಲ್ಲಿ ನೀರು ಕೇಳಿದರು. ನನಗೆ ನಗು ಬಂತು. ಮಜ್ಜಿಗೆ ಕೊಟ್ಟೆ.

ಅವರು ಕೇಳುವ ಕ್ರಮವೇ ಬೇರೆ. ಎಷ್ಟನೇ ಇಸವಿ ಎಂದು ಯಾವತ್ತೂ ಕೇಳಲಿಲ್ಲ. ನಾನು ಮೂರನೇ ಕ್ಲಾಸು ಓದಿದವಳು, ಇಸವಿ ಕೇಳಿದ್ದರೆ ಬಾಯಿ ಮುಚ್ಚುತ್ತಿದ್ದೆ. "ಆಗ ನಿಮ್ಮ ಸೊಂಟದಲ್ಲಿ ಯಾವ ಮಗು ಇತ್ತು ಅಮ್ಮ?" ಎಂದು ಕೇಳುತ್ತಿದ್ದರು. ಹಾಗೆ ಕೇಳಿದರೆ ಎಲ್ಲ ನೆನಪಾಗುತ್ತದೆ. ಹೊಳೆ ದಾಟಲು ಸಂಕ ಹಾಕಿದಾಗ ದೊಡ್ಡ ಮಗಳು, ಈ ಕಡೆಗೆ ಮೊದಲ ರಬ್ಬರು ಗಿಡ ಬಂದಾಗ ಲತೀಶ್, ಅವನಿಗೆ ಹಲ್ಲು ಬರುತ್ತಿತ್ತು, ಗಿಡದ ತೊಟ್ಟೆಯ ಪ್ಲಾಸ್ಟಿಕನ್ನು ಕಚ್ಚಿದ್ದ. ಮಕ್ಕಳು ನಗಾಡಿದರು. ತೃಷಾ ಅಪ್ಪನಿಗೆ ಹೇಳುತ್ತೇನೆ ಎಂದಳು. ಟೀಚರ್ ಮಕ್ಕಳಿಗೆ, ನೋಡಿ, ಪುಸ್ತಕದಲ್ಲಿ ರಾಜರ ಮಕ್ಕಳ ಹಲ್ಲಿನ ಸುದ್ದಿಯೂ ಇಲ್ಲ ಎಂದರು.

ಆ ಮಳೆಗಾಲ ಮಕ್ಕಳು ಊರಿಡೀ ತಿರುಗಿದರು. ಅರ್ಧ ಊರಿನ ಹೆರಿಗೆ ಮಾಡಿಸಿದ ಮುದುಕಿಯ ಮನೆಯ ಅಡಿಪಾಯ ಕಾಡಿನೊಳಗೆ ಎಲ್ಲಿದೆ ಎಂದು ಹುಡುಕಿದರು. ಊರಿನವರಿಗೂ ಖುಷಿ ಇತ್ತು. ಶಾಲೆಗೆ ಹೋದ ಮಕ್ಕಳು ಮನೆಗೆ ಬಂದು ಅಜ್ಜಿಯಂದಿರ ಹತ್ತಿರ ಕೂರುವುದು ಯಾರಿಗೆ ಬೇಡ?

ಆಮೇಲೆ ಆಟಿ ತಿಂಗಳು ಬಂತು. ಆಟಿಯಲ್ಲಿ ನಾವು ತೀರಿಕೊಂಡವರಿಗೆ ಬಡಿಸುತ್ತೇವೆ. ಕೋಳಿ ಸಾರು, ರೊಟ್ಟಿ, ಅವರವರಿಗೆ ಇಷ್ಟವಾದದ್ದು ಮಾಡಿ, ಒಬ್ಬೊಬ್ಬರ ಹೆಸರಿಗೆ ಒಂದೊಂದು ಬಾಳೆ ಎಲೆ ಹಾಕಿ ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುವುದು. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಮಾತಾಡಬಾರದು. ಆಮೇಲೆ ಕೆಮ್ಮಿ ಒಳಗೆ ಹೋಗುವುದು. ನಮ್ಮ ಮನೆಯಲ್ಲಿ ಒಳಗಿನ ಎಲೆಗಳಲ್ಲದೆ ಅಂಗಳದಾಚೆ ಗುಡ್ಡೆಯ ಕಡೆಗೆ ಒಂದು ಎಲೆ ಹಾಕುವ ಕ್ರಮ ಇತ್ತು. ನಾನು ಮದುವೆಯಾಗಿ ಬಂದ ವರ್ಷ ನನ್ನ ಅತ್ತೆ ಆ ಎಲೆಯನ್ನು ಕೈಗೆ ಕೊಟ್ಟು, ಇದು ಗುಡ್ಡೆಯವನಿಗೆ ಎಂದಿದ್ದರು. ಅಷ್ಟೇ.

ಯಾರ ಎಲೆ, ಅವರು ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿಕೊಂಡು ಬನ್ನಿ ಎಂದು ಟೀಚರ್ ಮಕ್ಕಳಿಗೆ ಹೇಳಿದ್ದರು. ತೃಷಾ ಒಳಗಿನ ಎಲೆಗಳದ್ದು ಕೇಳಿ ಮುಗಿಸಿ ಹೊರಗಿನ ಎಲೆಗೆ ಬಂದಳು. ಹೆಸರು ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೆ. ಕೆಲಸ ಗೊತ್ತಿತ್ತು, ಹೇಳಿದೆ. ಅವನು ಸುರಂಗ ತೋಡುವವನು.

ಸುರಂಗ ಎಂದರೆ ನಮ್ಮಲ್ಲಿ ನೀರಿಗಾಗಿ ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ತೋಡುವ ದಾರಿ. ಒಬ್ಬ ಮನುಷ್ಯ ಬಗ್ಗಿಕೊಂಡು ಹೋಗುವಷ್ಟೇ ಅಗಲ. ಒಳಗೆ ಒಬ್ಬ ಚಿಮಿಣಿ ದೀಪ ಇಟ್ಟುಕೊಂಡು ಪಿಕ್ಕಾಸಿನಲ್ಲಿ ಅಗೆಯುತ್ತಾನೆ, ಇನ್ನೊಬ್ಬ ಬುಟ್ಟಿಯಲ್ಲಿ ಮಣ್ಣು ಹೊರಗೆ ತರುತ್ತಾನೆ. ನಮ್ಮ ಮನೆಗೆ ನೀರು ಬರುವ ಸುರಂಗ ಒಂದು ಉಂಟು. ಅದರ ಪಕ್ಕದಲ್ಲಿ ಅರ್ಧಕ್ಕೆ ಬಿಟ್ಟದ್ದು ಇನ್ನೊಂದು. ಅದರ ಬಾಯಿಗೆ ಕಲ್ಲು ಕಟ್ಟಿದ್ದಾರೆ. ಆ ಎರಡನೆಯದನ್ನು ತೋಡುವಾಗ ಮಣ್ಣಿನ ಬುಟ್ಟಿ ಹೊತ್ತದ್ದು ನನ್ನ ಗಂಡ ಕೂಸಪ್ಪ, ಆಗ ಇನ್ನೂ ಮೀಸೆ ಬಾರದ ಪ್ರಾಯ. ಬುಟ್ಟಿ ಹೊರಗೆ ಚೆಲ್ಲಿ ತಿರುಗಿ ನೋಡುವಾಗ ಸುರಂಗದ ಮೇಲ್ಮಾಡು ಜರಿದಿತ್ತು. ಮೊದಲ ಮಳೆ ಬಿದ್ದಿತ್ತು. ಮಣ್ಣು ತೆಗೆದರೆ ಗುಡ್ಡೆಯೇ ಮನೆಯ ಮೇಲೆ ಬರುತ್ತದೆ ಎಂದು ಮಾವ ಯಾರಿಗೂ ಮುಟ್ಟಲು ಬಿಡಲಿಲ್ಲ. ಮರುದಿನದವರೆಗೂ ಒಳಗಿಂದ ಪಿಕ್ಕಾಸಿನ ಶಬ್ದ ಕೇಳುತ್ತಿತ್ತಂತೆ. ಆಮೇಲೆ ಕೇಳಲಿಲ್ಲ. ಮಾವ ಕಲ್ಲು ಕಟ್ಟಿಸಿದರು, ಅವನು ಕೊಡಗಿಗೆ ಕೆಲಸಕ್ಕೆ ಹೋದ ಎಂದು ಊರಲ್ಲಿ ಹೇಳಿದರು. ಇದನ್ನು ನನ್ನ ಗಂಡ ಒಂದೇ ಒಂದು ಸಲ, ಅದೂ ಗೋಡೆಯ ಕಡೆಗೆ ಮುಖ ಮಾಡಿಕೊಂಡು ಹೇಳಿದ್ದರು. ಮಾತಿನ ಮಧ್ಯೆ ಬೆರಳಲ್ಲಿ ಗೋಡೆ ಬಡಿದು, ಹೀಗೆ, ಇಷ್ಟು ಮೆಲ್ಲ ಎಂದಿದ್ದರು.

ಮಗುವಿಗೆ ಇಷ್ಟೆಲ್ಲ ಹೇಳಲಿಲ್ಲ. ನಮ್ಮ ಗುಡ್ಡೆಯಲ್ಲಿ ನೀರಿಗಾಗಿ ತೋಡುವಾಗ ಮಣ್ಣು ಬಿದ್ದು ಸತ್ತ ಎಂದೆ.

ಆ ಶನಿವಾರ ಶಾಲೆಯಲ್ಲಿ ನಡೆದದ್ದನ್ನು ತೃಷಾಳೇ ಹೇಳಿದ್ದು. ಕಾಗದ ಕೊಟ್ಟರೆ ಮಕ್ಕಳು ಅಜ್ಜಂದಿರ ಹೆಸರು ಮಾತ್ರ ಬರೆಯುತ್ತಾರೆ ಎಂದು ಟೀಚರಿಗೆ ಅನುಭವ. ಅದಕ್ಕೆ ಅವರು, ಮನೆಯಲ್ಲಿ ಎಷ್ಟು ಎಲೆ ಹಾಕಿದ್ದಾರೋ ಅಷ್ಟು ಹಲಸಿನ ಎಲೆ ತನ್ನಿ, ಒಂದೊಂದಾಗಿ ಜಗಲಿಯಲ್ಲಿ ಇಟ್ಟು ಹೆಸರು ಮತ್ತು ಕೆಲಸ ಹೇಳಿ ಎಂದರು. ಶಾಲೆಯ ಉದ್ದದ ಜಗಲಿ ತುಂಬಿತಂತೆ. ಗದ್ದೆ ಉತ್ತವರು, ಬುಟ್ಟಿ ಹೆಣೆದವರು, ಹೆತ್ತು ಹೆತ್ತೇ ಸತ್ತವರು. ಒಬ್ಬ ಹುಡುಗ, ಇವರು ಕೆಲಸ ಮಾಡದೆ ಇಸ್ಪೀಟು ಆಡಿದವರು ಎಂದದ್ದಕ್ಕೆ ಟೀಚರ್ ಅದೂ ಚರಿತ್ರೆಯೇ, ಇಡು ಎಂದರಂತೆ.

ಭವಿತಾ ಎನ್ನುವ ಹುಡುಗಿ ತನ್ನ ಎಲೆಗಳನ್ನೆಲ್ಲ ಸಾಲಾಗಿ ಇಟ್ಟು, ಒಂದನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡು ನಿಂತಳು. ಅವಳ ತಾಯಿ ಪ್ರೇಮಾವತಿ ಬೀಡಿ ಕಟ್ಟುವವಳು, ಪುತ್ತೂರು ಕಡೆಯ ಸವಣೂರಿನಿಂದ ನಮ್ಮೂರಿಗೆ ಮದುವೆಯಾಗಿ ಬಂದವಳು.

"ಇದು ನಮ್ಮ ಅಮ್ಮನ ಅಜ್ಜ ಬೋಜ ಅವರಿಗೆ. ಅವರಿಗೆ ಮನೆಯಲ್ಲಿ ಎಲೆ ಹಾಕುದಿಲ್ಲ ಟೀಚರ್. ಸತ್ತಿದ್ದಾರಾ ಇಲ್ವಾ ಗೊತ್ತಿಲ್ಲ. ಸವಣೂರಿಂದ ಈ ಕಡೆಗೆ ಸುರಂಗ ತೋಡ್ಲಿಕ್ಕೆ ಬಂದವರು ವಾಪಸು ಹೋಗ್ಲಿಲ್ಲ."

ತೃಷಾಳ ಕೈಯಲ್ಲಿಯೂ ಒಂದು ಎಲೆ ಉಳಿದಿತ್ತು, ಹೆಸರಿಲ್ಲದ್ದು. ಅದು ಸುರಂಗ ತೋಡಿದವನದ್ದು ಎಂದು ಅವಳು ಆಗಲೇ ಹೇಳಿದ್ದಳು. ಹಿಂದಿನಿಂದ ಯಾರೋ, ನಿನ್ನದು ಅವಳದ್ದರ ಮೇಲೆ ಇಡು ಮಾರಾಯ್ತಿ ಎಂದರು. ಅವಳು ಇಟ್ಟಳು. ಟೀಚರ್, ಇವತ್ತಿಗೆ ಸಾಕು, ಮನೆಗೆ ಹೋಗಿ ಎಂದರು. ಮಕ್ಕಳು ಗೇಟು ದಾಟುವಾಗ ತಿರುಗಿ ನೋಡಿದರೆ, ಟೀಚರ್ ಒಬ್ಬರೇ ಕುಕ್ಕುರು ಕೂತು ಎಲೆಗಳನ್ನು ಹೆಕ್ಕುತ್ತಿದ್ದರಂತೆ.

ಮರುದಿನ ಪ್ರೇಮಾವತಿ ನಮ್ಮ ಮನೆಗೆ ಬಂದಳು. ಅಂಗಳದಲ್ಲೇ ನಿಂತಳು. ಮೇಲೆ ಬಾ ಎಂದರೆ ಬರಲಿಲ್ಲ.

"ನಂಗೆ ಜಗಳಕ್ಕೆ ಇಲ್ಲ ಅಮ್ಮ. ಸತ್ತದ್ದು ಹೌದಾ ಅಲ್ವಾ, ಅಷ್ಟು ಹೇಳಿ. ನನ್ನ ಅಜ್ಜಿ ಸಾಯುವವರೆಗೂ ಬಳೆ ತೆಗೀಲಿಲ್ಲ. ಯಾವ ಗಂಡಂದು ಅಂತ ಜನ ನಗಾಡಿದ್ರೂ ತೆಗೀಲಿಲ್ಲ."

ನಾನು ನನ್ನ ಬರಿಗೈ ನೋಡಿಕೊಂಡೆ. ನನ್ನ ಗಂಡ ತೀರಿಕೊಂಡದ್ದು ನನ್ನ ಎದುರೇ. ಬಾಯಿಗೆ ನೀರು ಬಿಟ್ಟದ್ದು ನಾನು. ಬಳೆ ತೆಗೆಯುವಾಗ ಅತ್ತೆ ಪಕ್ಕದಲ್ಲಿ ಕೂತಿದ್ದರು. ಅದು ಕೂಡ ಸಿಗದ ಹೆಂಗಸು ಒಬ್ಬಳು ಸವಣೂರಿನಲ್ಲಿ ಇದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ಸುರಂಗದವನು ಆ ಕಡೆಯವನು ಎಂದಷ್ಟೇ ಗಂಡ ಹೇಳಿದ್ದರು.

"ಹೌದು. ಈ ಗುಡ್ಡೆಯಲ್ಲೇ ಇದ್ದಾರೆ" ಎಂದೆ.

ಅವಳು ಅಳಲಿಲ್ಲ. ಸವಣೂರಿನಲ್ಲಿ ಅವಳ ಸೋದರಮಾವ ಇದ್ದಾರೆ, ಎಲೆ ಹಾಕಬೇಕಾದವರು ಅವರು. ಅಜ್ಜ ಸತ್ತದ್ದು ಯಾರ ಮನೆಯಲ್ಲೋ ಆ ಮನೆಯವರ ಬಾಯಿಯಿಂದ ಕೇಳದೆ ಅವರು ಹಾಕುವುದಿಲ್ಲ. ಬದುಕಿದವನಿಗೆ ಎಲೆ ಹಾಕಿದರೆ ಸಾವು ಕರೆದ ಹಾಗೆ. ನೀವು ಒಮ್ಮೆ ಬಂದು ಹೇಳಬೇಕು ಎಂದಳು. ಬರುತ್ತೇನೆ ಎಂದೆ. ಅವಳು ಹೋದ ಮೇಲೆ ನೋಡಿದರೆ ಲತೀಶ್ ರಬ್ಬರು ಶೀಟು ಹೆಗಲಿಗೆ ಹಾಕಿಕೊಂಡು ಹಟ್ಟಿಯ ಬದಿಯಲ್ಲಿ ನಿಂತಿದ್ದ.

"ಅವ್ವ, ನಿಂಗೆ ಎಂತ ಆಗಿದೆ? ನಾಳೆ ಪೊಲೀಸು ಬಂದು ಗುಡ್ಡೆ ಅಗೆದ್ರೆ? ಮನುಷ್ಯನ್ನ ಹೂತ ಮನೆ ಅಂತ ಆದ್ರೆ ತೃಷಾನ್ನ ಯಾರು ಕಟ್ಕೊಳ್ತಾರೆ?"

ಹೂತದ್ದಲ್ಲ ಎಂದೆ. ಮತ್ತೆಂತ ಎಂದ.

ನನ್ನ ಮಗ ಕೆಟ್ಟವನಲ್ಲ. ಅವನು ಹುಟ್ಟುವ ಮೊದಲು ನಡೆದದ್ದು ಅವನ ತಲೆಯ ಮೇಲೆ ಬಂದಿತ್ತು. ಅವನು ಟೀಚರ ವಿರುದ್ಧ ಮೊದಲು ಮಾತೆತ್ತಿದವನೂ ಅಲ್ಲ. ಆ ವಾರ ಊರಲ್ಲಿ ಎದ್ದ ಮಾತು ಬೋಜನದ್ದಲ್ಲ, ಎಲೆಯದ್ದು. ಸತ್ತವರ ಎಲೆಯನ್ನು ಆಯಾ ಮನೆಯಲ್ಲಿ, ಆಯಾ ದಿನ ಮಾತ್ರ ಹಾಕಬೇಕು. ಬೇರೆ ದಿನ ಬೇರೆ ಕಡೆ ಹಾಕಿದರೆ ಕರೆದು ಹಸಿವಿನಲ್ಲಿ ಕೂರಿಸಿದ ಹಾಗೆ. ಹಲಸಿನ ಎಲೆಯಾದರೇನು, ಹೆಸರು ಹೇಳಿ ಇಟ್ಟರೆ ಮುಗಿಯಿತು. ಇದು ಟೀಚರಿಗೆ ಗೊತ್ತಿರಲಿಲ್ಲ. ಅವರಲ್ಲಿ ಈ ಕ್ರಮ ಇಲ್ಲ. ಮಕ್ಕಳಿಗೂ ಗೊತ್ತಿರಲಿಲ್ಲ, ನಾವು ಹೇಳಿಕೊಟ್ಟಿರಲಿಲ್ಲ. ಒಬ್ಬ ಹುಡುಗನಿಗೆ ಜ್ವರ ಬಂತು. ಇನ್ನೊಬ್ಬ ಹುಡುಗಿ ನಿದ್ದೆಯಲ್ಲಿ ಬೆಚ್ಚಿದಳು. ನಮ್ಮ ಹಿರಿಯರ ಸುದ್ದಿ ಅವರ ಜಾತಿಯವರಿಗೆ ಯಾಕೆ ಎಂದು, ಹಿಂದಿನ ತಿಂಗಳು ಅವರಿಗೆ ಹಲಸಿನ ಬೀಜ ಕಟ್ಟಿಕೊಟ್ಟ ಮನೆಯವರೇ ಕೇಳಿದರು. ಲತೀಶ್ ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಎಲೆಯ ಗಲಾಟೆ ದೊಡ್ಡದಾದರೆ ಗುಡ್ಡೆಯ ಮಾತು ಅದರ ಅಡಿಗೆ ಹೋಗುತ್ತದೆ ಎಂದು ಅವನಿಗೆ ತಿಳಿದಿತ್ತು.

ಸಮಿತಿಯ ಮೀಟಿಂಗು ಕರೆದರು. ನನ್ನನ್ನು ಯಾರೂ ಕರೆಯಲಿಲ್ಲ. ಕೊಡೆ ಹಿಡಿದು ನಾನೇ ಹೋದೆ. ನನ್ನನ್ನು ಕಂಡು ಎಲ್ಲರೂ ಎದ್ದು ನಿಂತರು, ಕುರ್ಚಿ ಹಾಕಿದರು, ಚಾ ತರಿಸಿದರು. ಗುಡ್ಡೆಯಲ್ಲಿ ನಡೆದದ್ದನ್ನು ನಾನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಯಾರೂ ತಡೆಯಲಿಲ್ಲ. ಹೆಡ್‌ಮಾಸ್ಟ್ರು ಆಯ್ತಮ್ಮ ಆಯ್ತು ಎನ್ನುತ್ತಿದ್ದರು. ನಾನು ಮುಗಿಸಿದ ಮೇಲೆ ಸಮಿತಿಯವರೊಬ್ಬರು, "ಪೂವಮ್ಮಕ್ಕ, ಮಳೆಗೆ ನಡ್ಕೊಂಡು ಬಂದಿದ್ದೀರಿ, ಚಾ ಆರ್ತದೆ" ಎಂದರು. ಅಷ್ಟೇ. ನನ್ನ ಮಾತು ಆ ಕೋಣೆಯಲ್ಲಿ ಬಿದ್ದ ಶಬ್ದವೇ ಆಗಲಿಲ್ಲ.

ಟೀಚರ್ ಕುರ್ಚಿ ಇದ್ದರೂ ನಿಂತೇ ಇದ್ದರು.

"ಎಲೆಯದ್ದು ನನ್ನ ತಪ್ಪು. ಎಷ್ಟು ಮನೆಗೆ ಬೇಕಾದ್ರೂ ಹೋಗಿ ಕ್ಷಮೆ ಕೇಳ್ತೇನೆ. ಆದ್ರೆ ಬೋಜ ಅವರದ್ದು ಮಕ್ಕಳು ಕಂಡುಹಿಡಿದದ್ದು. ಅದು ತಪ್ಪಲ್ಲ ಸರ್."

ಹೆಡ್‌ಮಾಸ್ಟ್ರಿಗೆ ನಿವೃತ್ತಿ ಹತ್ತಿರ. ಅವರು ಎರಡನ್ನೂ ಬೇರೆ ಮಾಡಲು ಒಪ್ಪಲಿಲ್ಲ. ಆ ದಿನ ಜಗಲಿಯಲ್ಲಿ ಮಾಡಿದ್ದು, ಹೇಳಿದ್ದು ಎಲ್ಲ ತಪ್ಪು ಎಂದು ಟೀಚರ್ ಕ್ಲಾಸಿನಲ್ಲಿ ನಿಂತು ಮಕ್ಕಳಿಗೆ ಹೇಳಬೇಕು. ಹೇಳಿದರೆ ವಿಷಯ ಮುಗಿಯಿತು. ಇಲ್ಲದಿದ್ದರೆ ನಾಳೆಯಿಂದ ಬರುವುದು ಬೇಡ ಎಂದರು. ಆಗ ಲತೀಶ್ ಬಾಯಿ ಬಿಟ್ಟ.

"ಟೀಚರೇ, ನಾವು ನಿಮ್ಮನ್ನು ಕಳಿಸುದಲ್ಲ. ನೀವು ನಿಲ್ಬೇಕು. ಮುಂದಿನ ಜೂನಿಗೂ ನೀವೇ ಬನ್ನಿ, ಅದರ ಮುಂದಿನ ಜೂನಿಗೂ ನೀವೇ. ಒಂದು ಮಾತು ಹೇಳಿ, ನಿಲ್ಲಿ."

ಅವನು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಬೈದಿದ್ದರೆ ಟೀಚರಿಗೆ ಸುಲಭ ಇತ್ತು, ಚೀಲ ಹೆಗಲಿಗೆ ಹಾಕಿ ಹೊರಟುಹೋಗುತ್ತಿದ್ದರೋ ಏನೋ. ಅಷ್ಟರಲ್ಲಿ ಅವರ ಫೋನು ಬಡಿಯಿತು. ಬಸ್ಸು ಸಿಕ್ಕಿತಾ ಎಂದು ದಿನಾ ಅದೇ ಹೊತ್ತಿಗೆ ಸಿದ್ದೀಕ್ ಕೇಳುವುದು. ಟೀಚರ್ ಬ್ಯಾರಿಯಲ್ಲಿ ಏನೋ ಮೆಲ್ಲ ಹೇಳಿ ಫೋನು ಚೀಲಕ್ಕೆ ಹಾಕಿದರು. ನನ್ನ ಕಡೆ ನೋಡಲಿಲ್ಲ. ನಾಳೆ ಹೇಳುತ್ತೇನೆ ಸರ್ ಎಂದರು.

ಮರುದಿನ ಹೇಳಿದರು. ಎರಡು ಎಲೆಯನ್ನು ಒಂದರ ಮೇಲೊಂದು ಇಟ್ಟ ಕೂಡಲೇ ಅದು ನಿಜ ಆಗುವುದಿಲ್ಲ, ನಾವು ಆಟ ಆಡಿದ್ದು, ಅದು ತಪ್ಪು ಎಂದರಂತೆ. ಬೋರ್ಡಿನ ಕಡೆ ತಿರುಗಿ ಹೇಳಿದರಂತೆ. ಭವಿತಾ ಎದ್ದು ನಿಂತಳು.

"ಹಾಗಾದ್ರೆ ನಮ್ಮ ಅಜ್ಜ ಸತ್ತಿಲ್ವಾ ಟೀಚರ್?"

ಟೀಚರ್ ಪುಸ್ತಕ ತೆರೆಯಲು ಹೇಳಿದರು. ಅವತ್ತು ಓದಿಸಿದ್ದು ಯಾವುದೋ ರಾಜನ ಪಾಠ. ತೃಷಾ ಮನೆಗೆ ಬಂದವಳು ಊಟ ಮಾಡಲಿಲ್ಲ. ಟೀಚರ್ ಸುಳ್ಳು ಹೇಳಿದ್ದಾ, ನೀನು ಸುಳ್ಳು ಹೇಳಿದ್ದಾ ಅಜ್ಜಿ ಎಂದು ಕೇಳಿದಳು. ಟೀಚರ ಗಂಡ ಮಲಗಿದಲ್ಲೇ ಇದ್ದಾರೆ ಮಗಾ ಎಂದೆ. ಅವಳಿಗೆ ಅರ್ಥ ಆಗಲಿಲ್ಲ.

ಸವಣೂರಿಗೆ ಹೋಗುತ್ತೇನೆ ಎಂದು ಮಾತು ಕೊಟ್ಟವಳು ನಾನು. ಸೀರೆ ಉಟ್ಟು ಹೊರಟೆ. ಸೊಸೆ ಗೇಟಿನವರೆಗೆ ಬಂದು, ಅತ್ತೆ, ನಾಳೆ ಆ ಸವಣೂರಿನವರು ಮನೆಗೆ ಬಂದರೆ ಯಾರು ಉತ್ತರ ಕೊಡುವುದು ಎಂದಳು. ಆದರೂ ಹೋದೆ. ಗುತ್ತಿಗಾರಿನಲ್ಲಿ ಬಸ್ಸಿಗೆ ಕಾಯುವಾಗ ಪ್ರೇಮಾವತಿಯೇ ಸಿಕ್ಕಿದಳು. "ಬರುದು ಬೇಡ ಅಮ್ಮ" ಎಂದಳು. ಭವಿತಾಳ ಟೀಚರೇ ಕ್ಲಾಸಿನಲ್ಲಿ ಅಲ್ಲ ಎಂದರಂತೆ ಎಂದು ಸೋದರಮಾವನಿಗೆ ಸುದ್ದಿ ಮುಟ್ಟಿತ್ತು. ಓದಿದವರು ಅಲ್ಲ ಎಂದದ್ದನ್ನು ಒಬ್ಬ ಮುದುಕಿ ಹೌದು ಎಂದರೆ ಆಗುವುದಿಲ್ಲ, ಸಂಶಯ ಇದ್ದಾಗ ಎಲೆ ಹಾಕಬಾರದು ಎಂದರಂತೆ ಅವರು. ಪ್ರೇಮಾವತಿ ನನ್ನ ಕೈಯಿಂದ ಕೊಡೆ ಇಸಕೊಂಡು, ಮಡಚಿ, ನೀರು ಕೊಡವಿ ವಾಪಸು ಕೊಟ್ಟಳು.

ಮುಂದಿನ ಜೂನಿಗೆ ಟೀಚರನ್ನು ಪುನಃ ಕರೆದರು. ಲತೀಶ್ ಮಾತು ಉಳಿಸಿಕೊಂಡ. ಅವರು ಬಂದರು, ಪುಸ್ತಕದ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಪಾಠ ಮಾಡಿದರು. ಮಕ್ಕಳಿಗೆ ಮಾರ್ಕು ಚೆನ್ನಾಗಿ ಬಂತು. ಶನಿವಾರ ಮಧ್ಯಾಹ್ನದ ಬಸ್ಸಿಗೇ ಹೋಗುತ್ತಿದ್ದರು. ನಮ್ಮ ಮನೆಯ ದಾರಿ ಬಸ್ಸು ನಿಲ್ಲುವಲ್ಲಿಗೆ ಹತ್ತಿರ, ಆದರೂ ಸುತ್ತು ಬಳಸಿ ಹೋಗುತ್ತಿದ್ದರು. ಒಮ್ಮೆ ದೂರದಿಂದ ಕಂಡೆ. ಕೊಡೆ ಅದೇ, ಕಡ್ಡಿ ಮುರಿದದ್ದು. ಕರೆಯಲು ಬಾಯಿ ಬರಲಿಲ್ಲ, ಕರೆದರೆ ಅವರಿಗೆ ನಿಲ್ಲಲೇಬೇಕಾಗುತ್ತದಲ್ಲ.

ಆ ಆಟಿಯಲ್ಲಿ ನಮ್ಮ ಮನೆಯಲ್ಲಿ ಹೊರಗೆ ಎಲೆ ಹಾಕಲಿಲ್ಲ. ಲತೀಶ್ ಒಳಗಿನ ಲೆಕ್ಕಕ್ಕೆ ಸರಿಯಾಗಿ ಎಲೆ ಕಡಿದು ತಂದಿದ್ದ. ನಾನು ಹಿತ್ತಲಿಗೆ ಕತ್ತಿ ಹಿಡಿದು ಹೊರಟಾಗ, ಅವ್ವ ಬೇಡ ಎಂದು ಕೈ ಹಿಡಿದ. ಎಲ್ಲರೂ ಬಾಗಿಲು ಎಳೆದುಕೊಂಡು ಹೊರಗೆ ನಿಂತೆವು. ಮಾತಾಡಬಾರದ ಹೊತ್ತು. ನಾನು ಗುಡ್ಡೆಯ ಕಡೆ ನೋಡದ ಹಾಗೆ ನಿಂತೆ. ಇಲ್ಲಿಯ ಎಲೆಯೂ ಹೋಯಿತು, ಸವಣೂರಿನಲ್ಲಿ ಮೊದಲೇ ಇರಲಿಲ್ಲ.

ಆದರೆ ಮಕ್ಕಳು ಬಿಡಲಿಲ್ಲ. ಪಾಠ ಪುಸ್ತಕಕ್ಕೆ ಹೋದರೂ ಕೇಳುವ ಅಭ್ಯಾಸ ಅವರಿಗೆ ಹಿಡಿದಿತ್ತು. ಶಾಲೆ ಬಿಟ್ಟು ಮನೆಗೆ ಹೋಗುವಾಗ ನಮ್ಮ ಹಿಂಬದಿಯ ಜಗಲಿಗೆ ಬಂದು ಕೂರುತ್ತಿದ್ದರು. ಭವಿತಾಳೂ ಬರುತ್ತಿದ್ದಳು. ಆಗ ನಿಮ್ಮ ಸೊಂಟದಲ್ಲಿ ಯಾವ ಮಗು ಇತ್ತು ಅಜ್ಜಿ ಎಂದೇ ಶುರು. ನಾನು ಹೇಳುತ್ತಿದ್ದೆ. ಹಟ್ಟಿಯ ಗೋಡೆಯದ್ದು, ಸಂಕದ್ದು, ಕೇಳಿದರೆ ಗುಡ್ಡೆಯದ್ದೂ. ಲತೀಶ್ ನೋಡಿದ. ತಾಯಿಗೆ ಹೇಳಲು ಆಗದ್ದನ್ನು ಹೆಡ್‌ಮಾಸ್ಟ್ರಿಗೆ ಹೇಳಿದ. ಅವರು ಟೀಚರಿಗೆ ಹೇಳಿದರು, ನೀವೇ ಹಿಂದಿನಿಂದ ಕಳಿಸುತ್ತಿದ್ದೀರಿ ಎಂದು.

ಟೀಚರ್ ನನ್ನನ್ನು ಹುಡುಕಿಕೊಂಡು ಬಂದದ್ದು ನಾನು ರೇಷನ್ ತೆಗೆದುಕೊಂಡು ಬಸ್ಸು ತಂಗುದಾಣದಲ್ಲಿ ಕೂತಿದ್ದ ದಿನ. ಮಳೆ ಬಿಟ್ಟಿತ್ತು. ಬೇರೆ ಯಾರೂ ಇರಲಿಲ್ಲ. ಪಕ್ಕದಲ್ಲಿ ಕೂತರು. ಮೊದಲು ಬೆನ್ನು ನೋವು ಹೇಗಿದೆ ಎಂದು ನನ್ನನ್ನು ಕೇಳಿದರು, ನಾನು ಸಿದ್ದೀಕರದ್ದು ಕೇಳಿದೆ. ಗೋಡೆ ಹಿಡಿದು ಬಚ್ಚಲಿನವರೆಗೆ ಹೋಗುತ್ತಾರೆ ಎಂದರು. ತಲೆಯ ಬಟ್ಟೆಯ ಅಂಚಿನಿಂದ ಇಣುಕಿದ ಕೂದಲು ಬೆಳ್ಳಗಾಗಿತ್ತು. ಒಂದು ಮಗುವನ್ನೂ ನಾನು ಕಳಿಸಿದ್ದಲ್ಲ ಅಮ್ಮ, ನಿಮಗೆ ಗೊತ್ತುಂಟಲ್ಲ ಎಂದರು. ಗೊತ್ತು ಎಂದೆ. ಅವರಾಗಿಯೇ ಬರುವುದು, ನನಗೆ ಅದರಲ್ಲಿ ಎಷ್ಟು ಸಂತೋಷ ಎಂದು ಯಾರ ಹತ್ತಿರ ಹೇಳಲಿ ಎಂದರು. ಅದನ್ನು ಹೇಳುವಾಗ ಹಳೆಯ ಟೀಚರ ಮುಖ ಒಮ್ಮೆ ಬಂದು ಹೋಯಿತು. ಆಮೇಲೆ ಬಸ್ಸು ಬರುವ ತಿರುವಿನ ಕಡೆ ನೋಡುತ್ತಾ ಕೂತರು. ಬಸ್ಸಿನ ಶಬ್ದ ಕೇಳಿ ಎದ್ದು ನಿಂತ ಮೇಲೆ ನನ್ನ ಅಕ್ಕಿಯ ಚೀಲದ ಬಾಯಿಯನ್ನು ಸರಿಯಾಗಿ ಬಿಗಿದು ಕಟ್ಟಿಕೊಟ್ಟರು, ತಲೆ ಎತ್ತದೆ ಕೇಳಿದರು.

"ಮಕ್ಕಳು ಇನ್ನು ಬಂದ್ರೆ, ನಂಗೆ ಎಂತದೂ ನೆನಪಿಲ್ಲ ಅಂತ ಹೇಳ್ತೀರಾ ಅಮ್ಮ?"